ಅಗ್ಗದ ಸಿಗಾರ್ ಆರಿಸೋದು ಹೇಗೆ? ಬೆಲೆ ಎಲ್ಲಿ ಇಳಿದಿದೆ ಅಂತ ಮೊದಲು ನೋಡಿ

ಎರಡು ಸಿಗಾರ್ ಪಕ್ಕಪಕ್ಕ ಇವೆ. ಒಂದೇ ಉದ್ದ, ಒಂದೇ ದಪ್ಪ, ಬಣ್ಣವೂ ಹೆಚ್ಚುಕಡಿಮೆ ಒಂದೇ. ಆದರೆ ಒಂದರ ಬೆಲೆ ಇನ್ನೊಂದರ ನಾಲ್ಕೈದು ಪಟ್ಟು. ಇದು ಯಾಕೆ ಹೀಗೆ ಅನ್ನೋ ಪ್ರಶ್ನೆಯನ್ನು ಈಗ ಜಾಸ್ತಿ ಜನ ಕೇಳುತ್ತಿದ್ದಾರೆ, ಅದಕ್ಕೆ ಕಾರಣವೂ ಇದೆ. 2022ರಲ್ಲಿ ಕ್ಯೂಬಾದ ಹಬಾನೋಸ್ ಸಂಸ್ಥೆ ತನ್ನ ಕೊಹೀಬಾ ಮತ್ತು ಟ್ರಿನಿಡಾಡ್ ಸಿಗಾರ್‌ಗಳ ಬೆಲೆಯನ್ನು ಎಲ್ಲ ದೇಶಗಳಲ್ಲೂ ಒಂದೇ ಮಟ್ಟಕ್ಕೆ ತರುತ್ತೇನೆ ಅಂತ ಹೊರಟಿತು. ಮುಂಚೆ ಕಡಿಮೆ ಬೆಲೆ ಇದ್ದ ಕಡೆಗಳಲ್ಲಿ ಅದು ಒಂದೇ ಏಟಿಗೆ ಗಗನಕ್ಕೇರಿತು. ವರ್ಷಕ್ಕೊಂದೆರಡು ಸಲ ದೊಡ್ಡ ಹೆಸರಿನ ಸಿಗಾರ್ ಕೊಳ್ಳುತ್ತಿದ್ದವರೂ ಆಗ ಕೆಳಗಿನ ಸಾಲಿನ ಕಡೆ ಕಣ್ಣು ಹಾಯಿಸಿದರು.

ಆ ಕೆಳಗಿನ ಸಾಲಿನಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಹೊರಗಿನಿಂದ ನೋಡಿದರೆ ಗೊತ್ತಾಗೋದಿಲ್ಲ. ‘ಕಾಸಿಗೆ ತಕ್ಕ ಕಜ್ಜಾಯ’ ಅನ್ನೋ ಮಾತು ಇಲ್ಲಿ ಅರ್ಧ ಮಾತ್ರ ನಿಜ. ಯಾಕಂದ್ರೆ ಸಿಗಾರ್‌ನಲ್ಲಿ ನೀವು ಕೊಡೋ ದುಡ್ಡಿನ ಒಂದು ಪಾಲು ಸೇದುವ ಎಲೆಗೆ ಹೋಗುತ್ತದೆ, ಇನ್ನೊಂದು ಪಾಲು ಪೆಟ್ಟಿಗೆ, ಸಿಗಾರ್ ಸುತ್ತ ಅಂಟಿಸೋ ಕಾಗದದ ಪಟ್ಟಿ, ಹೆಸರು, ಅಂದಚಂದಕ್ಕೆ ಹೋಗುತ್ತದೆ. ಉಳಿತಾಯ ಆಗಿರೋದು ಯಾವ ಪಾಲಿನಲ್ಲಿ ಅಂತ ಕಂಡುಕೊಂಡರೆ ಆರಿಸೋ ಕೆಲಸ ಮುಕ್ಕಾಲು ಮುಗಿದ ಹಾಗೆ.

ಒಳಗೆ ಏನಿದೆ

ಒಂದು ಸಂಜೆ ನಾನು ಎರಡು ಅಗ್ಗದ ಸಿಗಾರ್ ತಗೊಂಡು, ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಬ್ಲೇಡಿನಿಂದ ಎರಡನ್ನೂ ಉದ್ದಕ್ಕೆ ಸೀಳಿದೆ. ಎರಡೂ ಹೆಚ್ಚುಕಡಿಮೆ ಒಂದೇ ಬೆಲೆಯವು. ಮೊದಲನೆಯದು ಬಿಚ್ಚಿಕೊಂಡಾಗ ಒಳಗೆ ಎಲೆಗಳು ಬುಡದಿಂದ ತುದಿವರೆಗೆ ಹಾಗೇ ಮಲಗಿದ್ದವು. ಒಂದೊಂದನ್ನೇ ಎಳೆದು ತೆಗೆದು ಬೆರಳಲ್ಲಿ ಬಿಡಿಸಬಹುದಿತ್ತು. ಎರಡನೆಯದನ್ನು ಸೀಳಿದ ಕೂಡಲೇ ಪುಡಿ ಪೇಪರ್ ತುಂಬ ಚೆಲ್ಲಿತು. ಚಹಾ ಸೊಪ್ಪಿಗೂ ಚಹಾ ಪುಡಿಗೂ ಇರೋ ಅಂತರ ಅದು. ಮಧ್ಯೆ ಬೆಂಕಿಕಡ್ಡಿಯಷ್ಟು ದಪ್ಪದ ಒಂದು ಕಡ್ಡಿ ಕೂಡ ಸಿಕ್ಕಿತು, ಅದು ಎಲೆಯ ನಡುನರ. ಹೊರಗಿಂದ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದವು.

ಸಿಗಾರ್‌ಗೆ ಮೂರು ಪದರ. ಮೇಲಿನದು ರ‍್ಯಾಪರ್, ಕಣ್ಣಿಗೆ ಕಾಣೋ ಹೊರ ಎಲೆ. ಅದು ನಯವಾಗಿರಬೇಕು, ತೂತು ಇರಬಾರದು, ಬಣ್ಣ ಸಮನಾಗಿರಬೇಕು, ಅದಕ್ಕೇ ಮೂರರಲ್ಲೂ ಅದರ ಬೆಲೆ ಜಾಸ್ತಿ. ಅದರ ಕೆಳಗಿನದು ಬೈಂಡರ್, ಒಳಗಿನ ಎಲೆಗಳನ್ನು ಹಿಡಿದು ಕಟ್ಟುವ ಒರಟು ಎಲೆ. ಎಲ್ಲದರ ಒಳಗಿರೋದು ಫಿಲ್ಲರ್, ಅಂದರೆ ತುಂಬಿದ ಎಲೆ. ಸಿಗಾರ್‌ನ ತೂಕದ ಬಹುಪಾಲು ಇದೇ.

ಫಿಲ್ಲರ್‌ಗೆ ಗಿಡದ ಬೇರೆ ಬೇರೆ ಎತ್ತರದ ಎಲೆಗಳನ್ನು ಸೇರಿಸುತ್ತಾರೆ. ಗಿಡದ ತುದಿಯ ಎಲೆಗೆ ಬಿಸಿಲು ಜಾಸ್ತಿ ಬೀಳುತ್ತದೆ, ಅದು ದಪ್ಪ, ರುಚಿಗೆ ಗಡುಸು, ನಿಧಾನಕ್ಕೆ ಉರಿಯುತ್ತದೆ. ಇದಕ್ಕೆ ಲಿಹೇರೋ ಅಂತಾರೆ. ನಡುವಿನ ಎಲೆ ಸೆಕೋ, ಇದರಿಂದ ಪರಿಮಳ. ಬುಡದ ಎಲೆ ವೊಲಾಡೋ, ಇದಕ್ಕೆ ರುಚಿ ಅಷ್ಟಕ್ಕಷ್ಟೆ, ಆದರೆ ಚೆನ್ನಾಗಿ ಉರಿಯುತ್ತದೆ. ಒಲೆಗೆ ದಪ್ಪ ಸೌದೆ, ಸಣ್ಣ ಸೌದೆ, ಪುರಲೆ ಮೂರನ್ನೂ ಹೊಂದಿಸಿ ಇಡುತ್ತಾರಲ್ಲ, ಲೆಕ್ಕಾಚಾರ ಹಾಗೇ. ಈ ಹೊಂದಾಣಿಕೆಗೆ ಬ್ಲೆಂಡ್ ಅಂತ ಹೆಸರು.

ಉದ್ದ ಎಲೆ, ತುಂಡು ಎಲೆ

ಬುಡದಿಂದ ತುದಿವರೆಗೆ ಇಡೀ ಎಲೆ ಇದ್ದರೆ ಅದು ಲಾಂಗ್ ಫಿಲ್ಲರ್. ಬರೀ ತುಂಡು, ಚೂರು ತುಂಬಿದ್ದರೆ ಶಾರ್ಟ್ ಫಿಲ್ಲರ್. ಉದ್ದ ಎಲೆಗಳ ಮಧ್ಯೆ ಚೂರನ್ನು ಇಟ್ಟು ಸುತ್ತಿದರೆ ಮಿಕ್ಸೆಡ್ ಫಿಲ್ಲರ್, ಇದನ್ನೇ ಸ್ಯಾಂಡ್‌ವಿಚ್ ಅಂತಲೂ ಕರೆಯುತ್ತಾರೆ.

ಚೂರು ಅಂದ ಕೂಡಲೇ ಕಸ ಅಂದುಕೊಳ್ಳಬೇಡಿ. ಒಳ್ಳೆ ಕಾರ್ಖಾನೆಯಲ್ಲಿ ದುಬಾರಿ ಸಿಗಾರ್ ಸುತ್ತಿ ತುದಿ ಕತ್ತರಿಸಿದಾಗ ಉಳಿಯೋದು ಒಳ್ಳೆ ಎಲೆಯ ಚೂರೇ. ಅದರ ರುಚಿ ಹಾಳಾಗಿರೋದಿಲ್ಲ. ಬದಲಾಗೋದು ಉರಿಯೋ ರೀತಿ. ಚೂರಿಗೆ ಗಾಳಿ ಜಾಸ್ತಿ ತಾಗುತ್ತದೆ, ಹಾಗಾಗಿ ಬೇಗ ಉರಿಯುತ್ತದೆ, ಹೊಗೆ ಬಿಸಿಯಾಗುತ್ತದೆ, ಬೂದಿ ಉದುರುತ್ತದೆ, ಒಮ್ಮೊಮ್ಮೆ ಬಾಯಿಗೆ ಚೂರು ಬರುತ್ತದೆ. ಲಾಂಗ್ ಫಿಲ್ಲರ್‌ನ ಬೂದಿ ಎರಡು ಮೂರು ಸೆಂಟಿಮೀಟರ್ ಉದ್ದ ಬೆಳೆದರೂ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ಪದೇಪದೇ ಕೊಡವೋ ಅಗತ್ಯವೂ ಇಲ್ಲ.

ಇನ್ನು ಮೆಷಿನ್‌ನಲ್ಲಿ ಮಾಡಿದ ಸಿಗಾರ್‌ಗಳು. ಅವುಗಳಲ್ಲಿ ಹಲವಕ್ಕೆ ಬೈಂಡರ್ ಆಗಿ ನಿಜವಾದ ಎಲೆ ಇರೋದಿಲ್ಲ. ತಂಬಾಕನ್ನು ಅರೆದು, ಅಂಟಿನ ಜೊತೆ ಕಲಸಿ, ಕಾಗದದ ಹಾಗೆ ಹಾಳೆ ಮಾಡಿ ಸುತ್ತಿರುತ್ತಾರೆ. ಕೆಲವಕ್ಕೆ ಹೊರಪದರವೂ ಅದೇ. ಸಿಹಿ, ವೆನಿಲ್ಲಾ, ಹಣ್ಣಿನ ವಾಸನೆ ಹಾಕಿ ಮಾರುವುದೂ ಹೆಚ್ಚಾಗಿ ಇಂಥವನ್ನೇ. ನನ್ನ ಮಟ್ಟಿಗೆ ಕೈಯಲ್ಲಿ ಸುತ್ತಿದ ಸಾಧಾರಣ ಶಾರ್ಟ್ ಫಿಲ್ಲರ್ ಇದಕ್ಕಿಂತ ಎಷ್ಟೋ ಮೇಲು. ಡಬ್ಬಿ ಮೇಲೆ ‘ನೂರಕ್ಕೆ ನೂರು ತಂಬಾಕು’ ಅಂತ ಇದೆಯಾ, ‘ಲಾಂಗ್ ಫಿಲ್ಲರ್’ ಅಂತ ಇದೆಯಾ, ‘ಕೈಯಲ್ಲಿ ಮಾಡಿದ್ದು’ ಅಂತ ಇದೆಯಾ ನೋಡಿ. ಮೂರಕ್ಕೂ ಅರ್ಥ ಬೇರೆ. ಕೈಯಲ್ಲಿ ಮಾಡಿದ್ದೆಲ್ಲ ಲಾಂಗ್ ಫಿಲ್ಲರ್ ಆಗಿರಬೇಕು ಅಂತಿಲ್ಲ.

ಎಲೆ ಹದಕ್ಕೆ ಬರೋದು ಅಂದ್ರೆ

ಇದು ಅಂಗಡಿಯಲ್ಲಿ ಕಣ್ಣಿಗೆ ಕಾಣದ ವಿಷಯ. ಆದರೆ ಅಗ್ಗದ ಸಿಗಾರ್ ಕೆಟ್ಟದಾಗಿದ್ದರೆ ಹತ್ತಕ್ಕೆ ಎಂಟು ಸಲ ತಪ್ಪು ಇಲ್ಲೇ ಆಗಿರುತ್ತದೆ ಅಂತ ನನ್ನ ಅನಿಸಿಕೆ.

ಹೊಲದಿಂದ ಕಿತ್ತ ಎಲೆಯನ್ನು ಮೊದಲು ಕೊಟ್ಟಿಗೆಯಲ್ಲಿ ತೂಗುಹಾಕಿ ಒಣಗಿಸುತ್ತಾರೆ. ಹಸಿರು ಹೋಗಿ ಕಂದು ಬರುತ್ತದೆ. ಆಮೇಲೆ ಸ್ವಲ್ಪ ತೇವ ಮಾಡಿ ದೊಡ್ಡ ರಾಶಿ ಒಟ್ಟುತ್ತಾರೆ. ಹಸಿ ಹುಲ್ಲನ್ನು ಗುಡ್ಡೆ ಹಾಕಿ ಮಾರನೇ ದಿನ ಒಳಗೆ ಕೈ ಇಟ್ಟರೆ ಬಿಸಿ ತಾಗುತ್ತದಲ್ಲ, ಇಲ್ಲೂ ಅದೇ ನಡೆಯುತ್ತದೆ. ರಾಶಿಯ ಒಳಗೆ ತಾನಾಗಿಯೇ ಶಾಖ ಏರುತ್ತದೆ. ಜಾಸ್ತಿ ಏರಿದರೆ ಎಲೆ ಕೆಡುತ್ತದೆ. ಅದಕ್ಕೆ ಕೆಲಸದವರು ರಾಶಿ ಬಿಚ್ಚಿ, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ಹೀಗೆ ತಿಂಗಳುಗಟ್ಟಲೆ, ಕೆಲವು ದಪ್ಪ ಎಲೆಗಳಿಗೆ ವರ್ಷಕ್ಕೂ ಹೆಚ್ಚು. ಈ ಹುದುಗುವಿಕೆಯಲ್ಲಿ ಎಲೆಯಲ್ಲಿರೋ ಅಮೋನಿಯಾ ಹೊರಗೆ ಹೋಗುತ್ತದೆ, ನಿಕೋಟಿನ್ ಸ್ವಲ್ಪ ಇಳಿಯುತ್ತದೆ, ಒಗರು ಕಮ್ಮಿಯಾಗುತ್ತದೆ.

ಈಗ ಯೋಚನೆ ಮಾಡಿ. ಎಲೆ ರಾಶಿಯಲ್ಲಿ ಕೂತಷ್ಟು ದಿನವೂ ಮಾಲೀಕನ ದುಡ್ಡು ಅಲ್ಲೇ ಕೂತಿರುತ್ತದೆ. ಬೇಗ ಮಾರಬೇಕು ಅಂತ ಅವಸರಪಟ್ಟರೆ ಮೊದಲು ಕತ್ತರಿ ಬೀಳೋದು ಈ ಕಾಯುವ ಕಾಲಕ್ಕೆ. ಹದಕ್ಕೆ ಬರದ ಸಿಗಾರ್‌ನ ಗುರುತು ಸುಲಭ. ಹಚ್ಚೋ ಮುಂಚೆಯೇ ಬುಡವನ್ನು, ಅಂದರೆ ಬೆಂಕಿ ತಾಗಿಸೋ ತುದಿಯನ್ನು, ಮೂಸಿದರೆ ಮೂತ್ರದ ಘಾಟಿನಂಥ ಅಮೋನಿಯಾ ವಾಸನೆ ಬರುತ್ತದೆ. ಹಚ್ಚಿದರೆ ನಾಲಿಗೆ ತುದಿ ಚುರುಚುರು ಅನ್ನುತ್ತದೆ, ಗಂಟಲಲ್ಲಿ ಕಹಿ ನಿಲ್ಲುತ್ತದೆ, ಪದೇಪದೇ ಆರಿಹೋಗುತ್ತದೆ. ಇದನ್ನು ಎಷ್ಟೋ ಜನ ‘ಖಡಕ್ ಸಿಗಾರ್’ ಅಂತ ತಪ್ಪು ತಿಳಿಯುತ್ತಾರೆ. ಖಡಕ್ ಬೇರೆ, ಹಸಿ ಬೇರೆ.

ಬೆಲೆ ಇಳಿಯೋ ದಾರಿಗಳು

ಹಾಗಾದರೆ ಎಲೆಗೆ ಕೈ ಹಚ್ಚದೆ ಬೆಲೆ ಇಳಿಸೋದು ಎಲ್ಲೆಲ್ಲಿ ಸಾಧ್ಯ?

ಮೊದಲನೆಯದು ಪೆಟ್ಟಿಗೆ. ಮರದ ಪೆಟ್ಟಿಗೆ, ಒಳಗೆ ಚಿತ್ರದ ಕಾಗದ, ಚಿನ್ನದ ಬಣ್ಣದ ಪಟ್ಟಿ, ಇದಕ್ಕೆಲ್ಲ ಖರ್ಚಿದೆ. ಅದನ್ನೆಲ್ಲ ಬಿಟ್ಟು ಇಪ್ಪತ್ತು ಇಪ್ಪತ್ತೈದು ಸಿಗಾರ್‌ಗಳನ್ನು ಒಟ್ಟಿಗೆ ಕಟ್ಟಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಮಾರಿದರೆ ಅದು ಬಂಡಲ್. ನಿಕರಾಗುವಾದ ಒಲಿವಾ ಕಂಪನಿಯ ಫ್ಲೋರ್ ಡಿ ಒಲಿವಾ ಹೀಗೆ ಬರೋ ಲಾಂಗ್ ಫಿಲ್ಲರ್. ಅದೇ ದೇಶದ ಎಸ್ತೆಲಿಯಲ್ಲಿ ತಯಾರಾಗೋ ಕ್ವೋರಮ್ ಕೂಡ ಬಂಡಲ್‌ನಲ್ಲೇ ಬರುತ್ತದೆ, ಆದರೆ ಅದು ಮಿಕ್ಸೆಡ್ ಫಿಲ್ಲರ್.

ಎರಡನೆಯದು ಸೆಕೆಂಡ್ಸ್. ಹೊರ ಎಲೆಯಲ್ಲಿ ಒಂದು ಚುಕ್ಕೆ, ಒಂದು ನರ ಎದ್ದು ಕಂಡಿದ್ದು, ಬಣ್ಣ ಪಕ್ಕದ್ದಕ್ಕೆ ಹೊಂದದೆ ಇರೋದು, ಇಂಥವನ್ನು ಕಾರ್ಖಾನೆ ತನ್ನ ಹೆಸರಿನಲ್ಲಿ ಮಾರೋದಿಲ್ಲ, ಪಟ್ಟಿ ಇಲ್ಲದೆ ಕಡಿಮೆಗೆ ಬಿಡುತ್ತದೆ. ಚುಕ್ಕೆಯಿಂದ ಹೊಗೆಯ ರುಚಿಗೆ ಏನೂ ಆಗೋದಿಲ್ಲ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ‘ಇಂಥ ದೊಡ್ಡ ಹೆಸರಿನ ಸೆಕೆಂಡ್ಸ್ ಇದು’ ಅಂತ ಬಾಯಿಮಾತಿನಲ್ಲಿ ಹೇಳೋದು ಸುಲಭ, ಕೊಳ್ಳುವವರಿಗೆ ಪರೀಕ್ಷೆ ಮಾಡೋ ದಾರಿ ಇಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಅಲ್ವಾ? ಹೆಸರನ್ನು ನಂಬಿ ಇಡೀ ಬಂಡಲ್ ತಗೋಬೇಡಿ, ಒಂದೆರಡು ಸೇದಿ ನೋಡಿ ಆಮೇಲೆ ತಗೊಳ್ಳಿ.

ಮೂರನೆಯದು ಹೊರ ಎಲೆಯ ಆಯ್ಕೆ. ಅಮೆರಿಕದ ಕನೆಕ್ಟಿಕಟ್ ಕಣಿವೆಯಲ್ಲಿ ಬಟ್ಟೆಯ ಚಪ್ಪರ ಹಾಕಿ ನೆರಳಲ್ಲಿ ಬೆಳೆಯೋ ತೆಳು ಎಲೆ ತುಂಬ ದುಬಾರಿ. ಅದೇ ತಳಿಯ ಬೀಜವನ್ನು ಈಕ್ವೆಡಾರ್‌ನಲ್ಲಿ ಹಾಕುತ್ತಾರೆ. ಅಲ್ಲಿ ವರ್ಷದ ಬಹಳ ದಿನ ಮೋಡ ಮುಸುಕಿರುತ್ತದೆ, ಮೋಡವೇ ಚಪ್ಪರ. ಬಟ್ಟೆ, ಕಂಬ, ಕೂಲಿ ಎಲ್ಲ ಉಳಿತಾಯ. ಕಡಿಮೆ ಬೆಲೆಯ ಸಿಗಾರ್‌ಗಳಲ್ಲಿ ‘ಈಕ್ವೆಡಾರ್ ಕನೆಕ್ಟಿಕಟ್’ ಅಂತ ಅಷ್ಟು ಕಾಣೋದು ಇದಕ್ಕೇ.

ಈ ಮೂರರಲ್ಲಿ ಯಾವುದರಿಂದ ಬೆಲೆ ಇಳಿದಿದ್ದರೂ ಚಿಂತೆ ಇಲ್ಲ. ಎಲೆ ಹದ ಮಾಡೋದರಲ್ಲಿ, ಸುತ್ತೋ ಕೈಯಲ್ಲಿ ಉಳಿತಾಯ ಮಾಡಿದ್ದರೆ ಮಾತ್ರ ದೂರ ಇರಿ.

ಯಾವ ದೇಶದ್ದು

ಕ್ಯೂಬಾ ಅಂದರೇನೇ ಸಿಗಾರ್ ಅನ್ನೋ ಭಾವನೆ ಹಲವರಿಗಿದೆ. 1960ರಲ್ಲಿ ಕ್ಯೂಬಾ ಸರ್ಕಾರ ಸಿಗಾರ್ ಕಾರ್ಖಾನೆಗಳನ್ನು ವಶಕ್ಕೆ ತಗೊಂಡಿತು. 1962ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕ್ಯೂಬಾದ ಜೊತೆ ವ್ಯಾಪಾರವನ್ನೇ ನಿಲ್ಲಿಸಿದರು. ತಲೆತಲಾಂತರದಿಂದ ತಂಬಾಕು ಬೆಳೆಯುತ್ತಿದ್ದ ಎಷ್ಟೋ ಮನೆತನಗಳು ಬೀಜ, ಕೈಚಳಕ ಎರಡನ್ನೂ ಹೊತ್ತು ಹೊರಟವು. ಡೊಮಿನಿಕನ್ ರಿಪಬ್ಲಿಕ್, ಹೊಂಡುರಾಸ್, ನಿಕರಾಗುವಾ ಇವತ್ತು ಸಿಗಾರ್‌ಗೆ ಹೆಸರಾಗಿರೋದರ ಹಿಂದೆ ಈ ಕಥೆ ಇದೆ.

ಕಡಿಮೆ ಬೆಲೆಗೆ ಲಾಂಗ್ ಫಿಲ್ಲರ್ ಹುಡುಕುವವರಿಗೆ ಈ ಮೂರು ದೇಶಗಳೇ ಮುಖ್ಯ. ಒರಟಾಗಿ ಹೇಳೋದಾದರೆ ಡೊಮಿನಿಕನ್ ಸಿಗಾರ್ ಮೃದು, ನಿಕರಾಗುವಾದ್ದು ಮೆಣಸಿನ ಖಾರ ಇರೋದು, ಹೊಂಡುರಾಸ್ ಎರಡರ ಮಧ್ಯೆ. ಇದಕ್ಕೆ ಹೊರತಾದವು ಬೇಕಾದಷ್ಟಿವೆ, ನಿಕರಾಗುವಾದ ಒಳಗೇ ಎಸ್ತೆಲಿಯ ಎಲೆ ಗಡುಸು, ಹಲಾಪಾದ್ದು ಸಿಹಿ ಕಡೆಗೆ. ಕ್ಯೂಬಾದಲ್ಲೂ ಅಗ್ಗದ್ದು ಇಲ್ಲ ಅಂತಲ್ಲ, ಹೋಸೆ ಎಲ್. ಪಿಯೆದ್ರಾ ಅಂಥದ್ದು. ಅದು ಕೈಯಲ್ಲಿ ಸುತ್ತಿದ ಶಾರ್ಟ್ ಫಿಲ್ಲರ್.

ಇಟಲಿಯ ಟಸ್ಕಾನೋ ಬೇರೆಯದೇ ಜಾತಿ. ಅದಕ್ಕೆ ಬೈಂಡರ್ ಇಲ್ಲ, ಕೆಂಟಕಿ ತಳಿಯ ಎಲೆಯನ್ನು ಸೌದೆಯ ಹೊಗೆಯಲ್ಲಿ ಒಣಗಿಸಿ ಮಾಡಿರುತ್ತಾರೆ, ಹಾಗಾಗಿ ಒಲೆ ಮುಂದೆ ಕೂತ ಹಾಗಿನ ವಾಸನೆ. ನೋಡೋಕೆ ಗಂಟುಗಂಟಾದ ಬೇರಿನ ಹಾಗಿರುತ್ತದೆ. ಮಧ್ಯಕ್ಕೆ ಕತ್ತರಿಸಿ ಎರಡು ಸಲಕ್ಕೆ ಸೇದೋ ರೂಢಿ ಇದೆ, ತೇವ ಕಾಯುವ ಪೆಟ್ಟಿಗೆಯಲ್ಲಿ ಇಡೋದೂ ಬೇಕಿಲ್ಲ. ಆದರೆ ಮೊದಲ ಸಲಕ್ಕೆ ಇದು ಗಡುಸು.

ಬಣ್ಣ ನೋಡಿ ಖಾರ ಅಳೆಯಬೇಡಿ

ಕಪ್ಪಗಿದ್ದರೆ ಗಡುಸು, ತಿಳಿಯಾಗಿದ್ದರೆ ಮೃದು ಅನ್ನೋದು ತಪ್ಪು ಲೆಕ್ಕ. ಮದೂರೋ ಅಂತ ಕರೆಯೋ ಕಪ್ಪು ಎಲೆ ಜಾಸ್ತಿ ದಿನ, ಜಾಸ್ತಿ ಶಾಖದಲ್ಲಿ ಹುದುಗಿದ್ದು, ಹೆಚ್ಚಾಗಿ ಅದಕ್ಕೆ ಸಿಹಿಯ ಛಾಯೆ ಇರುತ್ತದೆ. ಗಡಸುತನ ಬರೋದು ಒಳಗಿನ ಲಿಹೇರೋ ಎಲೆಯಿಂದ. ಒಂದು ಗುರುತು ಮಾತ್ರ ಹೇಳುತ್ತೇನೆ. ಕೆಲವು ಅಗ್ಗದ ಮದೂರೋಗಳ ಬಣ್ಣ ಹುದುಗಿ ಬಂದದ್ದಾಗಿರೋದಿಲ್ಲ, ಹಚ್ಚಿದ್ದಾಗಿರುತ್ತದೆ. ಬಿಳಿ ಕಾಗದವನ್ನು ಒದ್ದೆ ಮಾಡಿ ಮೆಲ್ಲಗೆ ಒರೆಸಿದಾಗ ತಿಳಿ ಕಂದು ಕಲೆ ಬಂದರೆ ಅದು ಸಹಜ. ಶಾಯಿಯ ಹಾಗೆ ದಟ್ಟ ಕಪ್ಪು ಬಂದರೆ ಅನುಮಾನ ಪಡಿ.

ದಪ್ಪದ ಲೆಕ್ಕ

ಸಿಗಾರ್‌ನ ಉದ್ದವನ್ನು ಇಂಚಿನಲ್ಲಿ, ದಪ್ಪವನ್ನು ರಿಂಗ್ ಗೇಜ್‌ನಲ್ಲಿ ಹೇಳುತ್ತಾರೆ. ಒಂದು ಇಂಚನ್ನು 64 ಭಾಗ ಮಾಡಿದರೆ ಒಂದು ಭಾಗ ಒಂದು ರಿಂಗ್. 50 ರಿಂಗ್ ಅಂದರೆ ಅಡ್ಡಳತೆ 64ರಲ್ಲಿ 50 ಭಾಗ, ಸುಮಾರು 20 ಮಿಲಿಮೀಟರ್. ರೊಬುಸ್ಟೋ ಅಂದರೆ ಸಾಮಾನ್ಯವಾಗಿ 5 ಇಂಚು ಉದ್ದ, 50 ರಿಂಗ್. ಟೋರೋ 6 ಇಂಚು, 50 ರಿಂಗ್. ಕರೋನಾ ಐದೂವರೆ ಇಂಚು, 42 ರಿಂಗ್.

42ಕ್ಕೂ 60ಕ್ಕೂ ಅಂತರ ಕಣ್ಣಿಗೆ ಅಷ್ಟೇನೂ ಕಾಣೋದಿಲ್ಲ. ಆದರೆ ಹಿಡಿಸೋ ಎಲೆ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಉದ್ದ ಒಂದೇ ಇದ್ದರೆ 60 ರಿಂಗ್‌ನ ಸಿಗಾರ್‌ನಲ್ಲಿ 42ರದ್ದಕ್ಕಿಂತ ಎರಡರಷ್ಟು ಎಲೆ ಇರುತ್ತದೆ. ಆದರೆ ಬೆಲೆ ಎರಡರಷ್ಟು ಇರೋದಿಲ್ಲ, ಯಾಕಂದ್ರೆ ತುಂಬುವ ಎಲೆ ಅಗ್ಗ, ಸುತ್ತುವ ಎಲೆ ಮತ್ತು ಕೂಲಿ ದುಬಾರಿ. ಇದರಿಂದ ‘ದಪ್ಪದ್ದು ತಗೊಂಡರೆ ಲಾಭ’ ಅನ್ನಿಸುತ್ತದೆ. ನಾನು ಇದನ್ನು ಒಪ್ಪೋದಿಲ್ಲ. ಸಣ್ಣ ಸಿಗಾರ್‌ನಲ್ಲಿ ಒಳ್ಳೆ ಹೊರ ಎಲೆಯ ಪಾಲು ಜಾಸ್ತಿ, ರುಚಿಯೂ ಅದರದ್ದೇ ಎದ್ದು ಬರುತ್ತದೆ. ಒಂದೇ ಬ್ಲೆಂಡ್‌ನ ಸಣ್ಣ ಅಳತೆ ಕೊಂಡರೆ ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನ ಎಲೆ ಸಿಗುತ್ತದೆ. ರೊಬುಸ್ಟೋ ಮುಗಿಯೋಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಅರ್ಧ ಗಂಟೆ ಬಿಡುವು ಇರುವವರು ದೊಡ್ಡದು ಹಚ್ಚಿ ಅರ್ಧಕ್ಕೆ ಬಿಸಾಕಿದರೆ ಆ ಲಾಭ ಎಲ್ಲಿ ಉಳಿಯಿತು?

‘ದಿನಬಳಕೆ’ ಅನ್ನೋ ಮಾತಿನ ಬಗ್ಗೆ

ಈ ಎಲೆಯ ಲೆಕ್ಕದಿಂದಲೇ ಇನ್ನೊಂದು ವಿಷಯ ಹೇಳಬೇಕು. ದೊಡ್ಡ ಸಿಗಾರ್ ಒಂದರಲ್ಲಿ ಇಡೀ ಸಿಗರೇಟ್ ಪ್ಯಾಕ್‌ನಷ್ಟು ತಂಬಾಕು ಇರಬಹುದು. ಸಿಗಾರ್ ಹೊಗೆಯನ್ನು ಎದೆಗೆ ಎಳೆದುಕೊಳ್ಳೋದಿಲ್ಲ, ಬಾಯಲ್ಲೇ ಇಟ್ಟು ಬಿಡುತ್ತಾರೆ, ಅದಕ್ಕೆ ಅಪಾಯ ಇಲ್ಲ ಅಂತ ಬಹಳ ಜನ ನಂಬಿದ್ದಾರೆ. ಸಿಗಾರ್ ಹೊಗೆ ಕ್ಷಾರದ ಗುಣದ್ದು, ಅದರಲ್ಲಿರೋ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಹೋಗುತ್ತದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲಿ ಸಿಗಾರ್ ಬಗ್ಗೆಯೇ ಒಂದು ದೊಡ್ಡ ವರದಿ ತಂದಿತು. ದಿನಾ ಸಿಗಾರ್ ಸೇದುವವರಿಗೆ ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಎಳೆದುಕೊಂಡರೆ ಇನ್ನೂ ಜಾಸ್ತಿ. ಪಕ್ಕದಲ್ಲಿ ಕೂತವರಿಗೂ ಆ ಹೊಗೆ ಕೆಟ್ಟದ್ದೇ.

ಆದ್ದರಿಂದ ‘ದಿನಬಳಕೆಯ ಸಿಗಾರ್’ ಅಂದರೆ ದಿನಾ ಸೇದಲೇಬೇಕಾದದ್ದು ಅಂತ ನಾನು ಹೇಳುತ್ತಿಲ್ಲ. ಹಬ್ಬಕ್ಕೆ ಒಂದು ಬಟ್ಟೆ, ಮನೆಯಲ್ಲಿ ಹಾಕೋಕೆ ಒಂದು ಬಟ್ಟೆ ಇರುತ್ತದಲ್ಲ, ಆ ಅರ್ಥದ ದಿನಬಳಕೆ. ಅಗ್ಗ ಸಿಕ್ಕಿತು ಅಂತ ಎಣಿಕೆ ಏರಿದರೆ ಮೈಗೂ ನಷ್ಟ, ದುಡ್ಡೂ ಉಳಿಯೋದಿಲ್ಲ. ಸೇದದೆ ಇರುವವರು ಇದನ್ನು ಓದಿ ಶುರು ಮಾಡಬೇಡಿ. ಈಗಾಗಲೇ ಯಾವಾಗಲೋ ಒಮ್ಮೆ ಸೇದುವವರು ಕಣ್ಣು ಬಿಟ್ಟು ಕೊಳ್ಳಲಿ ಅಂತ ಬರೆಯುತ್ತಿದ್ದೇನೆ.

ಖಾಲಿ ಹೊಟ್ಟೆಯಲ್ಲಂತೂ ಬೇಡವೇ ಬೇಡ. ತಲೆ ಸುತ್ತು, ತಣ್ಣನೆ ಬೆವರು, ಹೊಟ್ಟೆ ತೊಳೆಸೋದು ಶುರುವಾದರೆ ಅದು ನಿಕೋಟಿನ್ ಜಾಸ್ತಿಯಾದದ್ದು. ಕೂಡಲೇ ಕೆಳಗಿಡಿ, ನೀರು ಕುಡಿಯಿರಿ, ಗಾಳಿಯಲ್ಲಿ ಸುಮ್ನೆ ಕೂತುಕೊಳ್ಳಿ.

ಕೈಗೆತ್ತಿಕೊಂಡಾಗ

ಅಂಗಡಿಯಲ್ಲಿ ಮುಟ್ಟೋಕೆ ಬಿಟ್ಟರೆ ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಡಿದು ಬುಡದಿಂದ ತಲೆವರೆಗೆ ಮೆಲ್ಲಗೆ ಅದುಮುತ್ತಾ ಹೋಗಿ. ಹಣ್ಣು ಮಾಗಿದೆಯಾ ಅಂತ ನೋಡ್ತೀವಲ್ಲ, ಅಷ್ಟೇ ಬಲ. ಎಲ್ಲ ಕಡೆ ಒಂದೇ ಸಮನೆ ಮೆತ್ತಗೆ ಒತ್ತಿ ಮತ್ತೆ ಮೇಲೆ ಬರಬೇಕು. ಒಂದು ಕಡೆ ಗಂಟಿನ ಹಾಗೆ ಗಟ್ಟಿ ಸಿಕ್ಕಿದರೆ ಅಲ್ಲಿ ಎಲೆ ತಿರುಚಿ ಸಿಕ್ಕಿಹಾಕಿಕೊಂಡಿದೆ, ಹೊಗೆ ಬರೋದಿಲ್ಲ. ಒಂದು ಕಡೆ ಕುಸಿದರೆ ಅಲ್ಲಿ ಎಲೆ ಕಡಿಮೆ, ಅಲ್ಲಿಗೆ ಬಂದಾಗ ಬೆಂಕಿ ಓಡುತ್ತದೆ. ಒತ್ತಿದಾಗ ಚಿರಚಿರ ಸದ್ದು ಬಂದರೆ ಒಣಗಿದೆ. ಹೊರ ಎಲೆಯಲ್ಲಿ ಸೂಜಿ ಚುಚ್ಚಿದಂಥ ದುಂಡು ತೂತು ಕಂಡರೆ ಅದು ತಂಬಾಕು ಹುಳುವಿನದ್ದು. ಅದನ್ನು ಮಾತ್ರ ಅಲ್ಲ, ಅದರ ಪಕ್ಕದ್ದನ್ನೂ ತಗೋಬೇಡಿ.

ಬುಡದಲ್ಲಿ ಒಳಗಿನ ಎಲೆ ಕಾಣುತ್ತದೆ. ಉದ್ದ ಎಲೆ ಆಗಿದ್ದರೆ ಮಡಿಕೆಗಳು ಕಾಣುತ್ತವೆ, ಚೂರಾಗಿದ್ದರೆ ಹರಳು ಹರಳಾಗಿ ಕಾಣುತ್ತದೆ, ಬೆರಳಿಗೆ ಪುಡಿ ಅಂಟುತ್ತದೆ.

ಒಂದೇ ಸಿಗಾರ್ ಸೇದಿ ತೀರ್ಪು ಕೊಡಬೇಡಿ. ಅಗ್ಗದ ಸಿಗಾರ್‌ನ ದೊಡ್ಡ ಸಮಸ್ಯೆ ಒಂದರ ಹಾಗೆ ಇನ್ನೊಂದು ಇರದಿರೋದು. ಒಂದು ಸಲ ನಾನು ಮೊದಲನೆಯದು ಚೆನ್ನಾಗಿತ್ತು ಅಂತ ಇಡೀ ಬಂಡಲ್ ತಂದೆ. ಅದರಲ್ಲಿ ಆರೇಳು ಕೋಲಿನ ಹಾಗೆ ಗಟ್ಟಿ, ಎಷ್ಟು ಎಳೆದರೂ ಹೊಗೆಯೇ ಇಲ್ಲ. ಅವನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಂದೊಂದರ ನಿಜವಾದ ಬೆಲೆ ಕೊಟ್ಟಿದ್ದಕ್ಕಿಂತ ಎಷ್ಟೋ ಜಾಸ್ತಿ ಆಗಿತ್ತು. ಆಮೇಲಿಂದ ಯಾವುದೇ ಹೊಸದಾದರೂ ಮೂರು ತಗೊಂಡು, ಬೇರೆ ಬೇರೆ ದಿನ ಸೇದಿ, ಮೂರರಲ್ಲಿ ಎರಡಾದರೂ ಸರಿಯಾಗಿದ್ದರೆ ಮಾತ್ರ ಮುಂದುವರಿಯುತ್ತೇನೆ.

ಇಡೋದು ಹೇಗೆ

ಒಳ್ಳೆ ಎಲೆಯನ್ನು ಕೆಟ್ಟದಾಗಿ ಇಟ್ಟರೆ ಕೆಟ್ಟ ಸಿಗಾರ್ ಆಗುತ್ತದೆ. ಎಲೆ ಅಂದ್ರೆ ಸ್ಪಂಜಿನ ಹಾಗೆ, ಸುತ್ತಲಿನ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯಲ್ಲಿ ಶೇಕಡಾ 65ರಿಂದ 70ರಷ್ಟು ತೇವ ಇದ್ದರೆ ಸಿಗಾರ್‌ಗೆ ಹಿತ. ಅದಕ್ಕಿಂತ ಒಣಗಿದರೆ ಹುಲ್ಲಿನ ಹಾಗೆ ಬೇಗ ಉರಿದು ಖಾರವಾಗುತ್ತದೆ, ಜಾಸ್ತಿ ಒದ್ದೆಯಾದರೆ ಉಬ್ಬಿ ಎಳೆತ ಬಿಗಿಯಾಗುತ್ತದೆ, ಬೂಸ್ಟು ಬರುತ್ತದೆ.

ಇದಕ್ಕೆ ದುಬಾರಿ ಮರದ ಹ್ಯುಮಿಡಾರ್, ಅಂದರೆ ತೇವ ಕಾಯುವ ಪೆಟ್ಟಿಗೆ, ಬೇಕಿಲ್ಲ. ಅಗ್ಗದ ಮರದ ಪೆಟ್ಟಿಗೆಗಳ ಮುಚ್ಚಳ ಹೆಚ್ಚಾಗಿ ಸರಿ ಕೂರೋದಿಲ್ಲ, ತೇವ ಸೋರುತ್ತದೆ. ಗಾಳಿ ಆಡದ, ವಾಸನೆ ಇಲ್ಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ತೇವದ ಪ್ಯಾಕೆಟ್, ತೇವ ಅಳೆಯೋ ಒಂದು ಹೈಗ್ರೋಮೀಟರ್, ಇಷ್ಟು ಸಾಕು. ತೇವದ ಪ್ಯಾಕೆಟ್ ಮೇಲೆ 62, 65, 69 ಹೀಗೆ ಅಂಕಿ ಇರುತ್ತದೆ, ಡಬ್ಬಿಯೊಳಗಿನ ಗಾಳಿಯನ್ನು ಅದು ಆ ಮಟ್ಟಕ್ಕೇ ತರುತ್ತದೆ. ಪ್ಲಾಸ್ಟಿಕ್ ಡಬ್ಬಿಗೆ ನಾನು 65 ಹಾಕುತ್ತೇನೆ.

ಹೈಗ್ರೋಮೀಟರ್ ತೋರಿಸೋದು ನಿಜವಾ ಅಂತ ನೋಡೋಕೆ ಮನೆಯಲ್ಲೇ ದಾರಿ ಇದೆ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಮೇಲೆ ಕೆಲವೇ ಹನಿ ನೀರು ಹಾಕಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗಿರಬೇಕು. ಅದನ್ನೂ ಹೈಗ್ರೋಮೀಟರನ್ನೂ ಒಂದೇ ಜಿಪ್ ಕವರಿನಲ್ಲಿಟ್ಟು, ಮುಚ್ಚಿ, ಒಂದು ದಿನ ಬಿಡಿ. ಒದ್ದೆ ಉಪ್ಪು ಮುಚ್ಚಿದ ಜಾಗದ ಗಾಳಿಯನ್ನು ಶೇಕಡಾ 75ಕ್ಕೆ ತಂದು ನಿಲ್ಲಿಸುತ್ತದೆ. ಮಾಪಕ 71 ತೋರಿಸಿದರೆ ಅದು 4 ಕಡಿಮೆ ಓದುತ್ತದೆ ಅಂತ ಅರ್ಥ, ಮುಂದೆ ನೋಡಿದಾಗಲೆಲ್ಲ 4 ಸೇರಿಸಿಕೊಳ್ಳಿ.

ಡಬ್ಬಿಯನ್ನು ತಣ್ಣಗಿರೋ ಕಡೆ ಇಡಿ, 18ರಿಂದ 21 ಡಿಗ್ರಿ ಸೆಲ್ಸಿಯಸ್ ಒಳ್ಳೇದು. 24 ದಾಟಿ ಸೆಕೆ ಏರಿದರೆ ಎಲೆಯಲ್ಲಿ ಅಡಗಿರೋ ಹುಳುವಿನ ಮೊಟ್ಟೆ ಒಡೆಯೋ ಭಯ ಇದೆ. ಹೊಸದಾಗಿ ತಂದ ಸಿಗಾರ್‌ಗಳನ್ನು ಎರಡು ಮೂರು ವಾರ ಹಾಗೇ ಬಿಡಿ. ಒಣಗಿ ಬಂದದ್ದು ನಿಧಾನಕ್ಕೆ ಸುಧಾರಿಸಿಕೊಳ್ಳುತ್ತದೆ. ಸ್ವಲ್ಪ ಅಮೋನಿಯಾ ಉಳಿದಿರೋ ಅಗ್ಗದ ಸಿಗಾರ್ ನಾಲ್ಕಾರು ತಿಂಗಳು ಡಬ್ಬಿಯಲ್ಲಿ ಕೂತರೆ ಗುರುತು ಸಿಗದಷ್ಟು ಬದಲಾಗೋದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕಾರ್ಖಾನೆ ಉಳಿಸಿದ ಕಾಲವನ್ನು ನಾವೇ ಕೊಟ್ಟ ಹಾಗೆ ಅದು.

ಹಚ್ಚಿದ ಮೇಲೆ

ಬಾಯಿಗಿಡೋ ತುದಿಯೇ ತಲೆ, ಅದನ್ನು ಮುಚ್ಚಿರೋ ಎಲೆತುಂಡು ಟೊಪ್ಪಿ. ಆ ಟೊಪ್ಪಿಯನ್ನು ಎರಡು ಮಿಲಿಮೀಟರ್‌ನಷ್ಟು ಮಾತ್ರ ಕತ್ತರಿಸಿ. ಟೊಪ್ಪಿ ಮುಗಿಯೋ ಗೆರೆ ದಾಟಿದರೆ ಹೊರ ಎಲೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಹಚ್ಚದೇ ಒಮ್ಮೆ ಎಳೆದು ನೋಡಿ, ಗಾಳಿ ಸಲೀಸಾಗಿ ಬರಬೇಕು. ಹಚ್ಚುವಾಗ ಉರಿಯನ್ನು ಬುಡಕ್ಕೆ ತಾಗಿಸದೆ ಸ್ವಲ್ಪ ಕೆಳಗೆ ಹಿಡಿದು, ಸಿಗಾರನ್ನು ತಿರುಗಿಸುತ್ತಾ ಅಂಚೆಲ್ಲ ಕೆಂಪಾಗೋವರೆಗೆ ಸುಡಿ.

ನಿಮಿಷಕ್ಕೆ ಒಂದು ಸಲ ಎಳೆದರೆ ಸಾಕು. ಬೇಗ ಬೇಗ ಎಳೆದರೆ ಎಲೆ ಕಾದು ಕಹಿ ಬರುತ್ತದೆ, ಅಗ್ಗದ್ದರಲ್ಲಿ ಇದು ಇನ್ನೂ ಬೇಗ ಗೊತ್ತಾಗುತ್ತದೆ. ಒಂದು ಪಕ್ಕ ಮುಂದೆ ಉರಿದು ಇನ್ನೊಂದು ಪಕ್ಕ ಹಿಂದೆ ಉಳಿದರೆ, ಹಿಂದೆ ಉಳಿದ ಪಕ್ಕಕ್ಕೆ ಮಾತ್ರ ಸ್ವಲ್ಪ ಉರಿ ತಾಗಿಸಿ. ಆರಿಹೋದರೆ ಬೂದಿ ಕೊಡವಿ, ಒಮ್ಮೆ ಒಳಗಿನಿಂದ ಊದಿ ಹಳೇ ಹೊಗೆ ಹೊರಗೆ ಹಾಕಿ, ಮತ್ತೆ ಹಚ್ಚಿ. ಒಂದು ಗಂಟೆಯೊಳಗಾದರೆ ಚಿಂತೆ ಇಲ್ಲ, ರಾತ್ರಿ ಬಿಟ್ಟು ಬೆಳಗ್ಗೆ ಹಚ್ಚಿದರೆ ಹಳಸಿದ ಬೂದಿಯ ರುಚಿ.

ಕೊನೆಯ ಮೂರನೇ ಒಂದು ಪಾಲಿಗೆ ಬಂದಾಗ ಹೊಗೆ ಬಿಸಿಯಾಗಿ, ರುಚಿ ಕಹಿಗೆ ತಿರುಗುತ್ತದೆ. ಅಲ್ಲಿಗೆ ನಿಲ್ಲಿಸಿ, ಕೊಟ್ಟ ದುಡ್ಡಿಗೆ ತುದಿವರೆಗೆ ಸೇದಬೇಕು ಅಂತೇನಿಲ್ಲ. ಆರಿಸೋಕೆ ಸಿಗರೇಟಿನ ಹಾಗೆ ಹೊಸಕಬೇಡಿ, ಕೋಣೆ ತುಂಬ ಘಾಟು ಹಬ್ಬುತ್ತದೆ. ಬೂದಿ ತಟ್ಟೆಯ ಮೇಲೆ ಅಡ್ಡ ಇಟ್ಟುಬಿಟ್ಟರೆ ಕೆಲವು ನಿಮಿಷದಲ್ಲಿ ತಾನಾಗಿಯೇ ಆರುತ್ತದೆ. ಪೂರ್ತಿ ತಣ್ಣಗಾಗಿದೆಯಾ ಅಂತ ನೋಡಿಯೇ ಕಸದ ಬುಟ್ಟಿಗೆ ಹಾಕಿ.